ಕಾರಿನ ಹಿಂದೊಂದು ಕೊಕ್ಕೆ: ಹಾಕಿಸುವ ಮುನ್ನ ಕೇಳಬೇಕಾದ ಪ್ರಶ್ನೆ



ಹಾಡಿನ ಕೋರಿಕೆಗಳನ್ನು ಬದಿಗಿಟ್ಟರೆ, ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಊರಿಗೆ ಹೋಗಿಬರುವ ವಿಚಾರದವೇ. ರೈಲಿನಲ್ಲಿ ಸೀಟು ಸಿಗುತ್ತದೆಯೇ, ಘಾಟಿಯಲ್ಲಿ ಮಳೆ ಹೇಗಿದೆ, ಕೆಎ ನಂಬರಿನ ಕಾರನ್ನು ಇಲ್ಲಿ ಎಷ್ಟು ದಿನ ಇಟ್ಟುಕೊಳ್ಳಬಹುದು, ಇಂಥವು. ಅವುಗಳ ನಡುವೆ ಈಚೆಗೆ ಬೇರೆ ಥರದ ಪ್ರಶ್ನೆಯೊಂದು ಬಂತು. "ಊರಿಂದ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ, ಅಮ್ಮನ ಹಳೇ ಬೀರು, ಇಷ್ಟಕ್ಕೆ ಕಾರಿನ ಡಿಕ್ಕಿ ಸಾಲುವುದಿಲ್ಲ. ಕಾರಿನ ಹಿಂದೆ ಟೋ ಬಾರ್ ಹಾಕಿಸಿ ಸಣ್ಣ ಟ್ರೇಲರ್ ಕಟ್ಟಿಕೊಂಡು ಬರಬಹುದೇ? ಅಂಗಡಿಯವರು ಒಂದು ಗಂಟೆಯ ಕೆಲಸ ಅನ್ನುತ್ತಾರೆ. ಕಾನೂನು ಏನನ್ನುತ್ತದೆ?"

ಎರಡು ಹಾಡುಗಳ ನಡುವಿನ ಒಂದೂವರೆ ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಹಾಗಾಗಿ ಈ ಸಂಚಿಕೆಯಲ್ಲಿ ಸ್ವಲ್ಪ ಸಾವಧಾನವಾಗಿ ಮಾತಾಡೋಣ. ಟ್ರೇಲರ್ ಕಟ್ಟುವ ಯೋಚನೆ ನಿಮಗೆ ಇಲ್ಲದಿದ್ದರೂ ಓದಿ. ಕಾರಿನ ಮುಂದೆ ಕಬ್ಬಿಣದ ಗಾರ್ಡ್, ಹಿಂದೆ ಸೈಕಲ್ ಸ್ಟ್ಯಾಂಡ್, ಒಳಗೆ ಸಿಎನ್‌ಜಿ ಕಿಟ್, ಹೀಗೆ ಏನನ್ನೇ ಹಾಕಿಸುವವರಿಗೂ ಇದು ಅನ್ವಯಿಸುತ್ತದೆ.

ಏನಿದು ಟೋ ಬಾರ್?

ಕಾರಿನ ಹಿಂಬದಿಯಲ್ಲಿ, ಬಂಪರಿನ ಕೆಳಗೆ ಕೂರುವ ಉಕ್ಕಿನ ಅಡ್ಡಪಟ್ಟಿ, ಅದರಿಂದ ಹೊರಚಾಚಿದ ಒಂದು ಕತ್ತು, ಕತ್ತಿನ ತುದಿಯಲ್ಲಿ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಉಕ್ಕಿನ ಗುಂಡು. ಟ್ರೇಲರಿನ ಮೂತಿಯಲ್ಲಿರುವ ಬಟ್ಟಲಿನಂಥ ಭಾಗ ಈ ಗುಂಡಿನ ಮೇಲೆ ಕೂತು ಬೀಗಿಕೊಳ್ಳುತ್ತದೆ. ಕಾರು ತಿರುಗಿದಂತೆ ಟ್ರೇಲರ್ ತಿರುಗುತ್ತದೆ. ಕನ್ನಡ ಓದಿದವರ ಚಟ ಬಿಡಲಾರದೆ ಇದಕ್ಕೆ 'ಎಳೆಗೊಕ್ಕೆ' ಎಂದು ನಾನೇ ಒಂದು ಹೆಸರಿಟ್ಟುಕೊಂಡಿದ್ದೇನೆ. ಆದರೆ ಅಂಗಡಿಯಲ್ಲಿ ಹೋಗಿ ಎಳೆಗೊಕ್ಕೆ ಕೊಡಿ ಎಂದರೆ ಯಾರೂ ಕೊಡಲಾರರು. ಟೋ ಬಾರ್ ಎಂದೇ ಕರೆಯೋಣ!

ನಮ್ಮಲ್ಲಿ ಎತ್ತಿನಗಾಡಿ ಕಂಡವರಿಗೆ ಇದರ ಮಹತ್ವ ಬೇಗ ಅರ್ಥವಾಗುತ್ತದೆ. ಗಾಡಿ ಎಷ್ಟೇ ಗಟ್ಟಿಯಿರಲಿ, ಚಕ್ರ ಕಳಚದಂತೆ ಹಿಡಿದಿರುವುದು ಬೆರಳುದ್ದದ ಕಡಾಣಿ. ಅದು ಬಿದ್ದರೆ ಗಾಡಿ ಬಿದ್ದಂತೆ. ಟೋ ಬಾರ್ ಕೂಡ ಹಾಗೆಯೇ. ವ್ಯತ್ಯಾಸವೆಂದರೆ ಎತ್ತಿನಗಾಡಿ ನಡಿಗೆಯ ವೇಗದಲ್ಲಿ ಹೋಗುತ್ತಿತ್ತು, ನೀವು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಹೋಗುತ್ತೀರಿ. ಕೊಕ್ಕೆ ಕಳಚಿದರೆ ನಿಮಗೆ ಗೊತ್ತಾಗುವ ಮೊದಲೇ ಐನೂರು ಕೆ.ಜಿ. ಭಾರದ ಪೆಟ್ಟಿಗೆಯೊಂದು ಹಿಂದೆ ಬರುತ್ತಿರುವ ಸ್ಕೂಟರಿನ ದಾರಿಯಲ್ಲಿರುತ್ತದೆ. ಆ ಸ್ಕೂಟರಿನವನಿಗೆ ನಿಮ್ಮ ಟೋ ಬಾರನ್ನು ಯಾರು ಮಾಡಿದರು, ಯಾರು ಕೂರಿಸಿದರು ಎಂಬುದು ಗೊತ್ತಿಲ್ಲ. ಕಾನೂನು ಅವನ ಪರವಾಗಿ ಆ ಪ್ರಶ್ನೆಯನ್ನು ಕೇಳುತ್ತದೆ. ಇದನ್ನು ಪರೀಕ್ಷಿಸಿದವರು ಯಾರು? ಇದಕ್ಕೆ ಹೊಣೆ ಯಾರು? ನಿಯಮ ಯಾವ ದೇಶದ್ದೇ ಇರಲಿ, ಅದರ ತಿರುಳು ಇಷ್ಟೇ.

ಟ್ರ್ಯಾಕ್ಟರ್ ಬೇರೆ, ಕಾರು ಬೇರೆ

ಮಂಡ್ಯದ ಕಡೆಯವರಾಗಲಿ, ಬೆಳಗಾವಿ ಕಡೆಯವರಾಗಲಿ, ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುವುದನ್ನು ನೋಡಿಯೇ ಬೆಳೆದವರು. "ಅಷ್ಟು ಭಾರ ಎಳೆಯುವಾಗ ನಾಲ್ಕು ಮೂಟೆ ಅಕ್ಕಿಗೆ ಏನು ಮಹಾ?" ಎಂದು ಅನ್ನಿಸುವುದು ಸಹಜ. ಆದರೆ ಟ್ರ್ಯಾಕ್ಟರ್ ಹುಟ್ಟಿದ್ದೇ ಎಳೆಯುವುದಕ್ಕೆ. ಅದರ ಹಿಂಭಾಗದ ಕೊಂಡಿ, ಪಿನ್ನು, ಗೇರು ಎಲ್ಲವೂ ಆ ಲೆಕ್ಕದಲ್ಲೇ ತಯಾರಾಗಿರುತ್ತವೆ.

ಇಂದಿನ ಸಣ್ಣ ಕಾರುಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ತಗಡನ್ನೇ ಮಡಚಿ, ಬೆಸೆದು, ಇಡೀ ಮೈಯನ್ನೇ ಬಲವಾದ ಒಂದು ಪೆಟ್ಟಿಗೆಯಂತೆ ಕಟ್ಟಿರುತ್ತಾರೆ. ಅದರಲ್ಲಿ ಯಾವ ಜಾಗ ಎಷ್ಟು ಎಳೆತ ತಾಳುತ್ತದೆ ಎಂಬುದು ಅದನ್ನು ತಯಾರಿಸಿದ ಕಂಪನಿಗಷ್ಟೇ ಗೊತ್ತು. ಟ್ರೇಲರ್ ಎಳೆಯುವುದೆಂದರೆ ನೇರ ಎಳೆತ ಮಾತ್ರವಲ್ಲ. ಬ್ರೇಕ್ ಹಾಕಿದಾಗ ಟ್ರೇಲರ್ ಹಿಂದಿನಿಂದ ದೂಡುತ್ತದೆ, ರಸ್ತೆಯ ಉಬ್ಬಿನಲ್ಲಿ ಮೇಲೆ ಕೆಳಗೆ ಕುಕ್ಕುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಜಗ್ಗುತ್ತದೆ. ಸಾವಿರಾರು ಸಲ ಇದೇ ನಡೆದಾಗ ಬರೀ ಬಂಪರಿನ ತಗಡಿಗೆ ಎರಡು ಬೋಲ್ಟ್ ಹಾಕಿ ಕೂರಿಸಿದ ಕೊಕ್ಕೆಯ ಸುತ್ತ ಸಣ್ಣ ಬಿರುಕು ಶುರುವಾಗುತ್ತದೆ. ಹೊರಗಿನಿಂದ ಅದು ಕಾಣುವುದೂ ಇಲ್ಲ.

ಲೆಕ್ಕವನ್ನೂ ಸ್ವಲ್ಪ ನೋಡಿ. ಜನ ಸೇರಿ ನಿಮ್ಮ ಕಾರಿನ ತೂಕ 1,100 ಕೆ.ಜಿ. ಎನ್ನೋಣ. ಬ್ರೇಕ್ ಇಲ್ಲದ 500 ಕೆ.ಜಿ.ಯ ಟ್ರೇಲರ್ ಕಟ್ಟಿದಿರಿ. ಈಗ ನಿಲ್ಲಿಸಬೇಕಾದ ತೂಕ 1,600 ಕೆ.ಜಿ. ಬ್ರೇಕು ಮಾತ್ರ ಅದೇ ನಾಲ್ಕು ಚಕ್ರದ್ದು. 40 ಮೀಟರಿನಲ್ಲಿ ನಿಲ್ಲುತ್ತಿದ್ದ ಕಾರಿಗೆ ಸರಿಸುಮಾರು 58 ಮೀಟರ್ ಬೇಕು. ಜೊತೆಗೆ ಟ್ರೇಲರಿನ ಮೂತಿ ಕೊಕ್ಕೆಯ ಮೇಲೆ ಜಾಸ್ತಿ ಭಾರ ಹಾಕಿದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರವಾಗುತ್ತವೆ. ಸ್ಟೇರಿಂಗ್ ತಿರುಗಿಸಿದರೂ ಕಾರು ತಡವಾಗಿ ತಿರುಗುತ್ತದೆ. ಮೂತಿಯ ಮೇಲೆ ತೀರಾ ಕಡಿಮೆ ಭಾರವಿದ್ದರೆ ಇನ್ನೊಂದು ತೊಂದರೆ, ಟ್ರೇಲರ್ ಹಾವಿನಂತೆ ಅತ್ತಿತ್ತ ಹೊಯ್ದಾಡುತ್ತದೆ.

ಬ್ರಿಟನ್ನಿನವರು ಏನು ಮಾಡಿದ್ದಾರೆ?

ಕಾರಿಗೆ ಟ್ರೇಲರ್ ಕಟ್ಟುವುದು ದಿನನಿತ್ಯದ ಸಂಗತಿಯಾಗಿರುವ ದೇಶಗಳಲ್ಲಿ ಬ್ರಿಟನ್ ಒಂದು. ರಜೆ ಬಂತೆಂದರೆ ಮನೆಯಂಥ ಕ್ಯಾರವಾನನ್ನು ಕಾರಿಗೆ ಸಿಕ್ಕಿಸಿಕೊಂಡು ಕಡಲತೀರಕ್ಕೆ ಹೊರಡುತ್ತಾರೆ. ಹಾಗಾಗಿ ಅಲ್ಲಿ ಟೋ ಬಾರಿನ ನಿಯಮ ಖಚಿತವಾಗಿದೆ. ಅದನ್ನು ನೋಡಿದರೆ ಒಂದು ಟೋ ಬಾರ್ 'ಕಾನೂನುಬದ್ಧ' ಎನಿಸಿಕೊಳ್ಳಲು ಏನೇನಿರಬೇಕು ಎಂಬುದು ನಮಗೂ ತಿಳಿಯುತ್ತದೆ. ಅಲ್ಲಿ ಓದಲು, ಕೆಲಸಕ್ಕೆ ಹೋಗಿರುವ ಮಕ್ಕಳಿದ್ದರೆ ಅವರಿಗೂ ತಿಳಿಸಿ.

ಅಲ್ಲಿ 1998ರ ಆಗಸ್ಟ್ 1ರಂದು ಅಥವಾ ಆಮೇಲೆ ಮೊದಲ ಬಾರಿಗೆ ರಸ್ತೆಗಿಳಿದ ಕಾರಿಗೆ ಹಾಕುವ ಟೋ ಬಾರ್ ಮಾದರಿ ಅನುಮೋದನೆ ಪಡೆದಿರಲೇಬೇಕು. ಅಂದರೆ ಆ ಕಾರಿನ ಆ ಮಾದರಿಗೆಂದೇ ವಿನ್ಯಾಸಗೊಳಿಸಿ, ಪರೀಕ್ಷೆಯಲ್ಲಿ ಪಾಸಾಗಿರಬೇಕು. ಪಾಸಾದ ಬಾರಿನ ಮೇಲೆ ಒಂದು ಚೀಟಿ ಅಥವಾ ಫಲಕ ಇರುತ್ತದೆ. ಅದರಲ್ಲಿ ಅನುಮೋದನೆಯ ಸಂಖ್ಯೆ, ಯಾವ ಕಾರಿಗೆ ಸಲ್ಲುತ್ತದೆ ಎಂಬ ವಿವರ ಇರುತ್ತವೆ. 1998ರ ಆ ದಿನಕ್ಕಿಂತ ಹಳೆಯ ಕಾರುಗಳಿಗೆ ಈ ಅನುಮೋದನೆ ಕಡ್ಡಾಯವಲ್ಲ.

ಉಳಿದ ನಿಯಮಗಳೂ ಸರಳವೇ. ಟ್ರೇಲರ್ ಕಟ್ಟಿದಾಗ ಅದರ ಹಿಂದೆ ಕಾರಿನದೇ ನಂಬರ್ ಇರಬೇಕು. ಬ್ರೇಕ್ ಲೈಟು, ಇಂಡಿಕೇಟರ್ ಎಲ್ಲ ಟ್ರೇಲರಿನ ಹಿಂಭಾಗದಲ್ಲೂ ಉರಿಯಬೇಕು. ಸಲ್ಲುವ ಭಾರವೂ ಸೇರಿ ಟ್ರೇಲರಿನ ಒಟ್ಟು ತೂಕ 750 ಕೆ.ಜಿ. ದಾಟಿದರೆ ಅದಕ್ಕೆ ಸ್ವಂತ ಬ್ರೇಕ್ ಬೇಕೇ ಬೇಕು. ಟ್ರೇಲರ್ ಕಟ್ಟಿದ ಕಾರು ಮೋಟಾರು ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ, ಒಂಟಿ ರಸ್ತೆಯಲ್ಲಿ 50 ಮೈಲಿ ಮೀರುವಂತಿಲ್ಲ. ಅಂದರೆ ಸುಮಾರು 96 ಮತ್ತು 80 ಕಿ.ಮೀ.

ಚಾಲನಾ ಪರವಾನಗಿಯ ವಿಚಾರದಲ್ಲಿ ಮಾತ್ರ ಅಲ್ಲಿ ಈಚೆಗೆ ಸಡಿಲಿಕೆ ಆಗಿದೆ. 1997ರ ನಂತರ ಕಾರಿನ ಪರೀಕ್ಷೆ ಪಾಸಾದವರು ಭಾರದ ಟ್ರೇಲರ್ ಎಳೆಯಲು ಮೊದಲು ಬೇರೊಂದು ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರ್ 16ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಆ ಪರೀಕ್ಷೆ ಇಲ್ಲದೆಯೇ 3,500 ಕೆ.ಜಿ.ವರೆಗಿನ ಟ್ರೇಲರ್ ಎಳೆಯಬಹುದು. ಗಮನಿಸಿ, ಚಾಲಕನಿಗೆ ಸಡಿಲಿಕೆ ಸಿಕ್ಕಿತು, ಟೋ ಬಾರಿಗೆ ಸಿಗಲಿಲ್ಲ. ಅದರ ಮೇಲಿನ ಚೀಟಿ ಈಗಲೂ ಬೇಕು.

ನಮ್ಮಲ್ಲಿ ಕಾನೂನು ಏನನ್ನುತ್ತದೆ?

ನಮ್ಮಲ್ಲಿ ಇದಕ್ಕೆಲ್ಲ ಮೂಲ 1988ರ ಮೋಟಾರು ವಾಹನ ಕಾಯ್ದೆ. ಅದರ 52ನೇ ಸೆಕ್ಷನ್ ವಾಹನದ ಮಾರ್ಪಾಟಿನದು. 2000ದಲ್ಲಿ ತಿದ್ದುಪಡಿಯಾದ ಮೇಲೆ ಅದರ ಸಾರ ಹೀಗಿದೆ: ಆರ್‌ಸಿಯಲ್ಲಿರುವ ವಿವರಗಳು ವಾಹನ ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಾಯಿಸಬಾರದು. ವಾಹನದ ರಚನೆಯಲ್ಲಿ ಬದಲಾವಣೆ ಮಾಡಿ, ಅದರಿಂದ ಅದರ ಮೂಲ ಲಕ್ಷಣವೇ ಬದಲಾದರೆ ಅದನ್ನು 'ಮಾರ್ಪಾಟು' ಎಂದು ಕಾಯ್ದೆ ವಿವರಿಸುತ್ತದೆ.

2019ರ ಜನವರಿ 9ರಂದು ಸುಪ್ರೀಂ ಕೋರ್ಟು ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ತಯಾರಕರ ಮೂಲ ನಮೂದಿಗೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ, ರಾಜ್ಯದ ನಿಯಮಗಳೂ ಕಾಯ್ದೆಗೆ ಅಧೀನ ಎಂಬುದು ಆ ತೀರ್ಪಿನ ಸಾರ.

ಅದೇ ವರ್ಷ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಹೊರಗಿನ ಭಾಗ ತಂದು ಜೋಡಿಸುವುದೂ ಇದರೊಳಗೆ ಬರುತ್ತದೆ. ಸುರಕ್ಷತೆಗೆ ಅತಿಮುಖ್ಯವೆಂದು ಸರ್ಕಾರ ಗುರುತಿಸಿದ ಬಿಡಿಭಾಗಗಳನ್ನು ಮಾನದಂಡಕ್ಕೆ ವಿರುದ್ಧವಾಗಿ ಮಾರಿದವನಿಗೂ ಶಿಕ್ಷೆಯಿದೆ: ಒಂದು ವರ್ಷದವರೆಗೆ ಜೈಲು ಅಥವಾ ಒಂದೊಂದು ಭಾಗಕ್ಕೂ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ರಸ್ತೆಯಲ್ಲಿ ಮೊದಲು ಕೈಗೆ ಸಿಗುವವನು ಯಾರು ಹೇಳಿ? ಅಂಗಡಿಯವನಲ್ಲ, ಸ್ಟೇರಿಂಗ್ ಹಿಡಿದ ನೀವು.

ಹಾಗಾದರೆ ಟೋ ಬಾರ್ ಹಾಕಿಸಲೇಬಾರದೇ? ಹಾಗಲ್ಲ. ನಿಮ್ಮ ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿ ತೆಗೆಯಿರಿ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಅದು ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರುವುದಿಲ್ಲ! ಟ್ರೇಲರ್ ಎಳೆಯುವ ಬಗ್ಗೆ ಅದರಲ್ಲಿ ಏನಿದೆ ಓದಿ. ಎಷ್ಟು ಭಾರ ಎಳೆಯಬಹುದು, ಕೊಕ್ಕೆಯನ್ನು ಯಾವ ಜಾಗಕ್ಕೆ ಕೂರಿಸಬೇಕು ಎಂದು ಬರೆದಿದ್ದರೆ ದಾರಿ ತೆರೆದಿದೆ. ಕಂಪನಿಯೇ ಆ ಮಾದರಿಗೆ ಟೋ ಬಾರ್ ಕೊಡುತ್ತದೆಯೇ ಎಂದು ಅಧಿಕೃತ ಡೀಲರರನ್ನು ಕೇಳಿ. "ಈ ಕಾರು ಟ್ರೇಲರ್ ಎಳೆಯಲು ತಕ್ಕುದಲ್ಲ" ಎಂದು ಕೈಪಿಡಿಯಲ್ಲೇ ಬರೆದಿದ್ದರೆ ಅಲ್ಲಿಗೆ ಮುಗಿಯಿತು. ಅದರ ಮೇಲೆ ಯಾವ ಮೆಕ್ಯಾನಿಕ್ಕಿನ ಭರವಸೆಯೂ ನಡೆಯುವುದಿಲ್ಲ. ಬಾಡಿಯನ್ನು ಕೊರೆದು, ಬೆಸುಗೆ ಹಾಕಿ ಕೂರಿಸುತ್ತೇನೆ ಎನ್ನುವವರಿದ್ದರೆ ಒಪ್ಪಬೇಡಿ. ಗ್ಯಾರಂಟಿಯೂ ಹೋಗಬಹುದು, 52ನೇ ಸೆಕ್ಷನ್ನಿನ ಪ್ರಶ್ನೆಯೂ ಏಳಬಹುದು.

ಇಲ್ಲಿ ಇನ್ನೊಂದು ಗೊಂದಲ ನಿವಾರಿಸಿಬಿಡುತ್ತೇನೆ. ಹೆಚ್ಚಿನ ಕಾರುಗಳ ಜೊತೆಗೆ ಜಾಕು, ಸ್ಪ್ಯಾನರ್ ಇಡುವ ಜಾಗದಲ್ಲಿ ತಿರುಪಿ ಹಾಕುವ ಒಂದು ಕಬ್ಬಿಣದ ಬಳೆ ಕೊಟ್ಟಿರುತ್ತಾರೆ. ಬಂಪರಿನ ಸಣ್ಣ ಮುಚ್ಚಳ ತೆಗೆದರೆ ಅದನ್ನು ಸಿಕ್ಕಿಸಬಹುದು. ಅದು ನಿಮ್ಮ ಕಾರು ಕೆಟ್ಟು ನಿಂತಾಗ ಅದನ್ನು ಎಳೆದೊಯ್ಯಲು ಇರುವ ಬಳೆ. ಅದಕ್ಕೆ ಟ್ರೇಲರ್ ಕಟ್ಟುವಂತಿಲ್ಲ.

ಟ್ರೇಲರ್ ಕೂಡ ಒಂದು ವಾಹನ

ಕೊಕ್ಕೆ ಸರಿಯಾಯಿತು ಎಂದಿಟ್ಟುಕೊಳ್ಳಿ. ಅದಕ್ಕೆ ಸಿಕ್ಕಿಸುವ ಟ್ರೇಲರ್? ನಮ್ಮ ಕೇಳುಗರಲ್ಲಿ ಬಹುಮಂದಿಗೆ ಅಚ್ಚರಿಯಾಗುವ ವಿಷಯ ಇದು. ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ 'ಮೋಟಾರು ವಾಹನ' ಎಂದರೆ ಟ್ರೇಲರ್ ಕೂಡ ಸೇರುತ್ತದೆ. ಅದಕ್ಕೆ ಇಂಜಿನ್ ಇಲ್ಲ, ನಿಜ. ಆದರೂ ಅದು ವಾಹನವೇ. ಅದರ ಪರಿಣಾಮಗಳು ಹೀಗಿವೆ.

ಒಂದು, ಅದಕ್ಕೂ ನೋಂದಣಿ ಬೇಕು. ಕಾಯ್ದೆಯ 61ನೇ ಸೆಕ್ಷನ್ ಇದನ್ನು ಹೇಳುತ್ತದೆ. ಟ್ರೇಲರಿಗೆ ಸ್ವಂತ ನಂಬರ್ ಸಿಗುತ್ತದೆ, ಅದನ್ನು ಪಕ್ಕದಲ್ಲಿ ಬರೆಸಬೇಕು. ಎಳೆಯುವ ಕಾರಿನ ನಂಬರ್ ಟ್ರೇಲರಿನ ಮೇಲೂ ಕಾಣಿಸಬೇಕು. ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಹಳೆಯ ಎರಡು ಚಕ್ರ, ನಾಲ್ಕು ಆಂಗಲ್ ತುಂಡು ಸೇರಿಸಿ ಮಾಡಿಸಿದ ಪೆಟ್ಟಿಗೆಗೆ ಆರ್‌ಟಿಒ ಕಚೇರಿಯಲ್ಲಿ ನಂಬರ್ ಕೇಳಿದರೆ, ಮೊದಲು ಕೇಳುವುದು ಮಾದರಿ ಅನುಮೋದನೆಯ ಕಾಗದವನ್ನು.

ಈ ಅನುಮೋದನೆ ಕೊಡುವ ಪರೀಕ್ಷಾ ಸಂಸ್ಥೆಗಳು ನಿಮ್ಮೂರಿನ ಪಕ್ಕದಲ್ಲೇ ಇವೆ ಎಂಬುದು ಕುತೂಹಲದ ಸಂಗತಿ. ಪುಣೆಯಲ್ಲಿ ಎಆರ್‌ಎಐ ಮತ್ತು ಸಿಐಆರ್‌ಟಿ, ದೆಹಲಿಯ ಹತ್ತಿರ ಮಾನೇಸರದಲ್ಲಿ ಐಕ್ಯಾಟ್, ಚೆನ್ನೈ ಹತ್ತಿರದ ಒರಗಡಂನಲ್ಲಿ ಜಿಎಆರ್‌ಸಿ. ವಾಹನ ತಯಾರಕರು ತಮ್ಮ ಮಾದರಿಯನ್ನು ಇಂಥ ಕಡೆ ಒಪ್ಪಿಸಿ, ಪಾಸಾದ ಮೇಲೆಯೇ ಮಾರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮ ಇದಕ್ಕೆ ಆಧಾರ. ನೀವು ಕೊಳ್ಳುವ ಟ್ರೇಲರ್ ಹೀಗೆ ಪಾಸಾದ ತಯಾರಕರದ್ದಾಗಿದ್ದರೆ ನೋಂದಣಿಯ ತಲೆನೋವು ಬಹಳಷ್ಟು ಕಡಿಮೆ.

ಎರಡು, ಅದಕ್ಕೂ ವಿಮೆ ಬೇಕು. ಕಾರಿನ ಪಾಲಿಸಿ ಇದೆಯಲ್ಲ ಎಂದು ಸುಮ್ಮನಿರಬೇಡಿ. ಪಾಲಿಸಿಯಲ್ಲಿ ಟ್ರೇಲರಿನ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಹಾಗೆಯೇ ಟೋ ಬಾರ್ ಹಾಕಿಸಿದ್ದನ್ನೂ ವಿಮೆಯವರಿಗೆ ಬರಹದಲ್ಲಿ ತಿಳಿಸಿ, ಅವರ ಉತ್ತರವನ್ನು ಇಟ್ಟುಕೊಳ್ಳಿ. ಅಪಘಾತವಾದ ಮೇಲೆ ಬರುವ ಸರ್ವೇಯರ್ ಮೊದಲು ನೋಡುವುದೇ ಕಾರಿನಲ್ಲಿ ಕಂಪನಿ ಹಾಕದ ವಸ್ತು ಏನಿದೆ ಎಂದು.

ಮೂರು, ಭಾರದ ಮಿತಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕವನ್ನು ಮೀರಿ ಭಾರ ಹೇರುವಂತಿಲ್ಲ. ಟ್ರೇಲರಿನ ಆರ್‌ಸಿಗೂ ಇದೇ ಮಾತು. ಟ್ರೇಲರಿನಲ್ಲಿ ಜನರನ್ನು ಕೂರಿಸುವ ಯೋಚನೆಯಂತೂ ಬೇಡವೇ ಬೇಡ.

ನಾಲ್ಕು, ಬಾಡಿಗೆಯ ಆಸೆ. ಸ್ವಂತ ಸಾಮಾನು ತರುವುದು ಬೇರೆ. ಪಕ್ಕದ ಮನೆಯವರ ಸಾಮಾನನ್ನು ದುಡ್ಡಿಗೆ ಸಾಗಿಸಿಕೊಟ್ಟರೆ ಅದು ಸಾರಿಗೆ ವ್ಯವಹಾರ. ಬಿಳಿ ಬೋರ್ಡಿನ ಕಾರಿನಲ್ಲಿ ಅದು ನಡೆಯದು.

ಮುಂದಿನ ಕಬ್ಬಿಣದ ಕಥೆ

ಹಿಂದಿನ ಕೊಕ್ಕೆಯ ಮಾತಾಡಿದ ಮೇಲೆ ಮುಂದಿನ ಗಾರ್ಡನ್ನು ಬಿಟ್ಟರೆ ತಪ್ಪಾಗುತ್ತದೆ. ಏಕೆಂದರೆ ನಮ್ಮ ನಗರಗಳಲ್ಲಿ ಟೋ ಬಾರಿಗಿಂತ ಅದೇ ಹೆಚ್ಚು. ಬೆಂಗಳೂರಿನ ಜೆ.ಸಿ. ರಸ್ತೆ ಇರಲಿ, ದೆಹಲಿಯ ಕರೋಲ್ ಬಾಗ್ ಇರಲಿ, ಹೊಸ ಕಾರು ಕೊಂಡವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಮುಂಭಾಗಕ್ಕೆ ಹೊಳೆಯುವ ಬುಲ್ ಬಾರ್ ಹಾಕಿಸುವುದು. ಸಣ್ಣಪುಟ್ಟ ಗೀರಿನಿಂದ ಬಂಪರ್ ಉಳಿಯಲಿ ಎಂಬ ಆಸೆ.

2017ರ ಡಿಸೆಂಬರ್ 7ರಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಕ್ರ್ಯಾಶ್ ಗಾರ್ಡ್ ಅಥವಾ ಬುಲ್ ಬಾರ್‌ಗಳನ್ನು ಅನಧಿಕೃತವಾಗಿ ಜೋಡಿಸುವುದು 52ನೇ ಸೆಕ್ಷನ್ನಿನ ಉಲ್ಲಂಘನೆ, ಪಾದಚಾರಿಗಳಿಗೂ ಒಳಗಿರುವವರಿಗೂ ಅಪಾಯ, ಇದರ ಮೇಲೆ ಕ್ರಮ ಕೈಗೊಳ್ಳಿ ಎಂದು ಸೂಚಿಸಿತು.

ಒಳಗಿರುವವರಿಗೆ ಅಪಾಯ ಹೇಗೆ? ಕಾರಿನ ಮೂತಿ ಬೇಕೆಂದೇ ಮೆತ್ತಗಿರುತ್ತದೆ. ಢಿಕ್ಕಿಯಾದಾಗ ಅದು ಸುಕ್ಕುಗಟ್ಟಿ, ಹೊಡೆತದ ಬಹುಪಾಲನ್ನು ತಾನೇ ನುಂಗುತ್ತದೆ. ಹೊಸ ಮಾದರಿಗಳಿಗೆ 2017ರ ಅಕ್ಟೋಬರಿನಿಂದ, ಹಳೆಯ ಮಾದರಿಗಳಿಗೂ 2019ರ ಅಕ್ಟೋಬರಿನಿಂದ ನಮ್ಮಲ್ಲಿ ಮುಂಭಾಗದ ಢಿಕ್ಕಿ ಪರೀಕ್ಷೆ ಕಡ್ಡಾಯವಾಗಿದೆ. ಗಂಟೆಗೆ 56 ಕಿ.ಮೀ. ವೇಗದಲ್ಲಿ ಕಾರನ್ನು ತಡೆಗೋಡೆಗೆ ಗುದ್ದಿಸಿ, ಒಳಗೆ ಕೂರಿಸಿದ ಬೊಂಬೆಗಳಿಗೆ ಎಷ್ಟು ಪೆಟ್ಟಾಯಿತು ಎಂದು ಅಳೆಯುತ್ತಾರೆ. ಆ ಪರೀಕ್ಷೆ ನಡೆದದ್ದು ಬುಲ್ ಬಾರ್ ಇಲ್ಲದ ಕಾರಿನ ಮೇಲೆ. ಗಾರ್ಡನ್ನು ಚಾಸಿಸ್ಸಿಗೆ ನೇರ ಬಿಗಿದರೆ ಸುಕ್ಕಾಗಬೇಕಾದ ಭಾಗವನ್ನು ದಾಟಿಕೊಂಡು ಹೊಡೆತ ಒಳಕ್ಕೆ ಬರುತ್ತದೆ. ಏರ್‌ಬ್ಯಾಗ್ ಯಾವ ಗಳಿಗೆಯಲ್ಲಿ ಬಿಚ್ಚಿಕೊಳ್ಳಬೇಕೆಂಬ ಲೆಕ್ಕವೂ ತಪ್ಪಬಹುದು. ಹೊರಗಿನ ಪಾದಚಾರಿಗಂತೂ ಮೆತ್ತನೆಯ ಬಂಪರಿನ ಬದಲು ಕಬ್ಬಿಣದ ಕೊಳವೆ ತಾಗುತ್ತದೆ.

ಹಿಂದೆ ಸೈಕಲ್ ಸ್ಟ್ಯಾಂಡ್ ಹಾಕಿಸುವವರಿಗೂ ಒಂದು ಮಾತು. ಭಾನುವಾರ ಲೋನಾವಳಕ್ಕೋ ಮಹಾಬಲಿಪುರಕ್ಕೋ ಸೈಕಲ್ ಕಟ್ಟಿಕೊಂಡು ಹೋಗುವವರು ಈಗ ಹೆಚ್ಚಾಗಿದ್ದಾರೆ, ಸಂತೋಷ. ಆದರೆ ಸೈಕಲ್ ಅಡ್ಡ ಬಂದು ನಂಬರ್ ಪ್ಲೇಟಾಗಲಿ, ಬ್ರೇಕ್ ಲೈಟಾಗಲಿ ಮರೆಯಾಗಬಾರದು. ಕಟ್ಟಿದ ಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ನಿಮಗೆ ಕಾಣದಿದ್ದರೆ ಹಿಂದಿನವನಿಗೂ ಕಾಣದು.

ಸರಿಯಾದ ದಾರಿ ಹೇಗಿರುತ್ತದೆ? ಸಿಎನ್‌ಜಿ ನೋಡಿ

"ಏನು ಹಾಕಿಸಿದರೂ ತಪ್ಪೇ ಹಾಗಾದರೆ?" ಎಂದು ಬೇಸರ ಬೇಡ. ನಿಯಮದ ದಾರಿಯಲ್ಲಿ ಹೋಗಿ ಕಾರನ್ನು ಬದಲಿಸಲು ನಮ್ಮ ಕಾಯ್ದೆಯೇ ಅವಕಾಶ ಕೊಟ್ಟಿದೆ. ಮುಂಬಯಿ, ದೆಹಲಿಯ ಕೇಳುಗರಿಗೆ ಚೆನ್ನಾಗಿ ಗೊತ್ತಿರುವ ಸಿಎನ್‌ಜಿ ಕಿಟ್ ಅದಕ್ಕೆ ಉದಾಹರಣೆ. ಬೇರೆ ಇಂಧನಕ್ಕೆ ಬದಲಾಗಲು ಕಿಟ್ ಹಾಕಿಸಬಹುದು ಎಂದು 52ನೇ ಸೆಕ್ಷನ್ನಿನಲ್ಲೇ ಇದೆ. ಷರತ್ತುಗಳು ಮಾತ್ರ ಇವೆ. ಕಿಟ್ ನಿಮ್ಮ ಕಾರಿನ ಮಾದರಿಗೆ ಅನುಮೋದನೆ ಪಡೆದಿರಬೇಕು. ಅಧಿಕೃತ ಕೇಂದ್ರದಲ್ಲೇ ಹಾಕಿಸಬೇಕು. ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು. ವಿಮೆಯಲ್ಲಿ ನಮೂದಾಗಬೇಕು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಅಂಗವಿಕಲರಿಗೆ ಅನುಕೂಲವಾಗುವಂತೆ ಕೈಯಲ್ಲೇ ಬ್ರೇಕ್, ಆಕ್ಸಿಲರೇಟರ್ ಹಾಕಿಸಿಕೊಳ್ಳುವ ಮಾರ್ಪಾಟಿಗೂ 2019ರ ತಿದ್ದುಪಡಿಯಲ್ಲಿ ಜಾಗ ಸಿಕ್ಕಿದೆ. ನೋಂದಣಿ ಪ್ರಾಧಿಕಾರದ ಅನುಮೋದನೆಯೊಂದಿಗೆ ಅದನ್ನು ಮಾಡಿಸಬಹುದು.

ಈ ಎರಡೂ ದಾರಿಯಲ್ಲಿ ಒಂದು ಸಾಮಾನ್ಯ ಅಂಶವಿದೆ ನೋಡಿ. ಯಾರೋ ಒಬ್ಬರು ಪರೀಕ್ಷೆ ಮಾಡಿ ಸಹಿ ಹಾಕಿರುತ್ತಾರೆ, ಆ ಸಹಿ ನಿಮ್ಮ ಆರ್‌ಸಿವರೆಗೆ ಬಂದಿರುತ್ತದೆ. ಬ್ರಿಟನ್ನಿನ ಟೋ ಬಾರಿನ ಚೀಟಿಯೂ ಇದೇ ಕೆಲಸ ಮಾಡುತ್ತದೆ.

ಕೆಎ ನಂಬರಿನವರಿಗೆ

ನಮ್ಮ ಕೇಳುಗರಲ್ಲಿ ಅನೇಕರು ಊರಿನಲ್ಲೇ ಕೊಂಡ ಕಾರನ್ನು ಇಲ್ಲಿಗೆ ತಂದಿದ್ದಾರೆ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಉಳಿದರೆ ಆ ರಾಜ್ಯದ ಹೊಸ ನಂಬರಿಗೆ ಅರ್ಜಿ ಹಾಕಬೇಕು ಎಂದು 47ನೇ ಸೆಕ್ಷನ್ ಹೇಳುತ್ತದೆ. ಅದಕ್ಕೆ ಮೊದಲು ಊರಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು. ವರ್ಗಾವಣೆ ಆಗುತ್ತಿರುವ ನೌಕರಿಯವರಿಗಾಗಿ 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಇದ್ದವರಿಗೆ ಈ ಓಡಾಟವಿಲ್ಲ.

ಟೋ ಬಾರಿಗೂ ಇದಕ್ಕೂ ಏನು ಸಂಬಂಧ? ಹೊಸ ನಂಬರಿಗೆ ಹೋದಾಗ ಇನ್ಸ್‌ಪೆಕ್ಟರ್ ಕಾರನ್ನು ಕಣ್ಣಾರೆ ನೋಡುತ್ತಾರೆ. ಆರ್‌ಸಿಯಲ್ಲಿ ಇರುವುದಕ್ಕೂ ಎದುರಿಗೆ ನಿಂತ ಕಾರಿಗೂ ತಾಳೆಯಾಗದಿದ್ದರೆ ಅಲ್ಲೇ ತಡೆ. ಊರಲ್ಲಿ ಹತ್ತು ವರ್ಷ ಯಾರೂ ಕೇಳದೆ ಇದ್ದ ಗಾರ್ಡೋ ಕಿಟ್ಟೋ ಇಲ್ಲಿ ಒಂದು ದಿನದ ರಜೆಯನ್ನು ನುಂಗಿಹಾಕುತ್ತದೆ. ಊರಿನಿಂದ ಹೊರಡುವ ಮೊದಲೇ ಬೇಡದ್ದನ್ನು ಬಿಚ್ಚಿಸಿ, ಬೇಕಾದ್ದನ್ನು ಆರ್‌ಸಿಗೆ ಸೇರಿಸಿಕೊಳ್ಳಿ.

ಕೆಟ್ಟ ಕಾರನ್ನು ಎಳೆಯುವಾಗ

ಕಾರಿಗೆ ಹಗ್ಗ ಕಟ್ಟಿ ಎಳೆಯುವ ಪ್ರಸಂಗ ಯಾರಿಗಾದರೂ ಬರಬಹುದು. 1989ರ ರಸ್ತೆ ನಿಯಮಗಳಲ್ಲಿ ಇದಕ್ಕೆ ಸ್ಪಷ್ಟ ಲೆಕ್ಕವಿತ್ತು: ಎರಡು ವಾಹನಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಬೇಡ, ವೇಗ ಗಂಟೆಗೆ 24 ಕಿ.ಮೀ. ದಾಟಬೇಡ, ಎಳೆಸಿಕೊಳ್ಳುವ ಕಾರಿನಲ್ಲೂ ಲೈಸೆನ್ಸ್ ಇರುವವರು ಸ್ಟೇರಿಂಗ್ ಹಿಡಿದಿರಬೇಕು. 2017ರಲ್ಲಿ ಆ ನಿಯಮಗಳ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದಿವೆ. ಹಳೆಯ ಅಳತೆಗಳು ಇಂದಿಗೂ ಒಳ್ಳೆಯ ಬುದ್ಧಿಮಾತೇ. ಆಟೋಮ್ಯಾಟಿಕ್ ಗೇರಿನ ಕಾರು, ವಿದ್ಯುತ್ ಕಾರುಗಳನ್ನು ಮಾತ್ರ ಚಕ್ರ ನೆಲಕ್ಕೆ ತಾಗಿಸಿ ಎಳೆಯಲು ಹೋಗಬೇಡಿ. ಗೇರುಪೆಟ್ಟಿಗೆ, ಮೋಟಾರು ಹಾಳಾಗಬಹುದು. ಅವುಗಳನ್ನು ಹೊತ್ತೊಯ್ಯುವ ಗಾಡಿಯನ್ನೇ ಕರೆಸಿ.

ಅಂಗಡಿಗೆ ಹೋಗುವ ಮುನ್ನ

ಇಷ್ಟೆಲ್ಲ ಓದಿದ ಮೇಲೂ ಟೋ ಬಾರ್ ಬೇಕೇ ಬೇಕು ಎನ್ನುವವರು ಈ ಕ್ರಮದಲ್ಲಿ ಹೋಗಿ. ಮೊದಲು ಕೈಪಿಡಿ. ಆಮೇಲೆ ಕಂಪನಿಯ ಡೀಲರ್, ಅವರ ಉತ್ತರ ಬರಹದಲ್ಲಿರಲಿ. ಆಮೇಲೆ ನಿಮ್ಮ ವಿಳಾಸಕ್ಕೆ ಸೇರಿದ ಆರ್‌ಟಿಒ, ಹಾಕಿಸುವುದಕ್ಕೆ ಮೊದಲೇ ಕೇಳಿ. ಆಮೇಲೆ ವಿಮೆ. ಕೊನೆಗೆ ಅಂಗಡಿ. ನಮ್ಮಲ್ಲಿ ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಅಂಗಡಿಯಿಂದ ಶುರುಮಾಡಿ, ಪೊಲೀಸರು ಕೈ ಅಡ್ಡ ಹಿಡಿದಾಗ ಕೈಪಿಡಿ ಹುಡುಕುತ್ತಾರೆ.

ಅಂಗಡಿಯವರನ್ನು ಎರಡೇ ಪ್ರಶ್ನೆ ಕೇಳಿ: "ಇದನ್ನು ನನ್ನ ಕಾರಿನ ಮಾದರಿಗೆ ಪರೀಕ್ಷೆ ಮಾಡಿದವರು ಯಾರು? ಕಾಗದ ಎಲ್ಲಿದೆ?" ಉತ್ತರ "ಏನಾಗಲ್ಲ ಸಾರ್, ಎಷ್ಟೋ ಜನಕ್ಕೆ ಹಾಕಿದ್ದೀವಿ" ಎಂದಾದರೆ, ಹೊಣೆಗಾರ ಯಾರೂ ಇಲ್ಲ ಎಂದರ್ಥ. ಹೊಣೆ ನಿಮ್ಮ ತಲೆಗೇ ಬಂತು.

ಪ್ರಶ್ನೆ ಕಳಿಸಿದ ಕೇಳುಗರಿಗೆ ನನ್ನ ಸ್ವಂತ ಸಲಹೆಯನ್ನೂ ಹೇಳಿಬಿಡುತ್ತೇನೆ. ವರ್ಷಕ್ಕೆ ಎರಡು ಸಲ ಬರುವ ಅಕ್ಕಿ ಮೂಟೆಗೆ, ಒಂದೇ ಸಲ ಬರುವ ಬೀರುವಿಗೆ ಟೋ ಬಾರ್, ಟ್ರೇಲರ್, ಅದರ ನೋಂದಣಿ, ವಿಮೆ, ಅದನ್ನು ನಿಲ್ಲಿಸಲು ಸೊಸೈಟಿಯಲ್ಲಿ ಜಾಗ, ಇವೆಲ್ಲ ದುಬಾರಿ ಬಾಬತ್ತು. ಊರಿನಿಂದ ಮಹಾನಗರಕ್ಕೆ ದಿನವೂ ಲಾರಿಗಳು ಬರುತ್ತವೆ. ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಪಾರ್ಸೆಲ್ ಹಾಕಿ ರಸೀದಿ ತೆಗೆದುಕೊಳ್ಳಿ. ಇಲ್ಲಿ ಇಳಿಸಿಕೊಳ್ಳಲು ಒಂದು ಸಣ್ಣ ಟೆಂಪೊ ಸಾಕು. ನೀವು ಆರಾಮವಾಗಿ, ಹಗುರವಾದ ಕಾರಿನಲ್ಲಿ, ರೇಡಿಯೊ ಕೇಳಿಕೊಂಡು ಬನ್ನಿ!

ಇಂಥ ಪ್ರಶ್ನೆಗಳಿದ್ದರೆ ಕಳಿಸುತ್ತಿರಿ. ಮುಂದಿನ ಸಂಚಿಕೆಯಲ್ಲಿ ಬಿಎಚ್ ನಂಬರ್ ಯಾರಿಗೆ ಸಿಗುತ್ತದೆ, ತೆರಿಗೆ ಹೇಗೆ ಕಟ್ಟಬೇಕು ಎಂಬುದನ್ನು ನೋಡೋಣ. ಅಲ್ಲಿಯವರೆಗೆ, ನಮಸ್ಕಾರ.